ಖಂಡೇನವಮಿಗೆ ಮೊದಲು ಕೆಟ್ಟು ನಿಂತ ಮಷೀನು

ನಮ್ಮ ಮನೆಗೆ ಇದ್ದದ್ದು ಒಂದೇ ಕಿಟಕಿ. ಅದನ್ನು ಹೊಲಿಗೆ ಮಷೀನಿಗೆ ಕೊಟ್ಟಿದ್ದರು. ಬೆಳಕು ಬೇಕಾದದ್ದು ಸೂಜಿಗೆ, ಮನುಷ್ಯರಿಗಲ್ಲ ಎಂಬುದು ನಮ್ಮ ಅತ್ತೆಯ ನಂಬಿಕೆ. ಚಿಂಚವಾಡದ ಕಾರ್ಮಿಕರ ಕಾಲನಿಯಲ್ಲಿ ಎರಡು ಕೋಣೆಯ ಮನೆ ಅದು. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಗುಲಬರ್ಗಾ ಕಡೆಯಿಂದ ಮದುವೆಯಾಗಿ ಅಲ್ಲಿಗೆ ಬಂದೆ. ಪುಣೆ ಎಂದರೆ ದೊಡ್ಡ ಊರು, ಕಿಟಕಿಯಲ್ಲಿ ನಿಂತರೆ ಏನೇನೋ ಕಂಡೀತು ಎಂದುಕೊಂಡಿದ್ದೆ. ನಿಲ್ಲಲು ಜಾಗವೇ ಇರಲಿಲ್ಲ. ಕೂರುವುದಾದರೆ ಮಷೀನಿನ ಹಿಂದೆಯೇ ಕೂರಬೇಕು. ಕೂತಾಗ ಕಾಣುತ್ತಿದ್ದದ್ದು ಎದುರು ಸಾಲಿನ ಗೋಡೆ, ಗೋಡೆಯ ಮೇಲೊಂದು ನೀರಿನ ಪೈಪು, ಪೈಪಿನ ಮೇಲೆ ಪಾರಿವಾಳ. ಲೋಕಲ್ ರೈಲು ಹೋಗುವ ಸದ್ದು ದಿನವಿಡೀ ಕೇಳಿಸುತ್ತಿತ್ತು, ರೈಲು ಮಾತ್ರ ಕಾಣುತ್ತಿರಲಿಲ್ಲ.

ಮಷೀನು ನಮ್ಮ ಮಾವನದು. ಅವರು ಖಡಕಿಯ ದಂಡಿನಲ್ಲಿ ಸಿಪಾಯಿಗಳ ಬಟ್ಟೆ ಹೊಲಿಯುವ ದರ್ಜಿಯಾಗಿದ್ದರಂತೆ. ನನ್ನ ಗಂಡನಿಗೆ ಮೀಸೆ ಮೂಡುವ ಮೊದಲೇ ತೀರಿಕೊಂಡರು. ಅಂದಿನಿಂದ ಅತ್ತೆ ಆ ಮಷೀನಿನ ಮೇಲೆ ಕೂತು ಮಗನನ್ನೂ ಮಗಳನ್ನೂ ದೊಡ್ಡವರನ್ನಾಗಿ ಮಾಡಿದರು. ಮಗನಿಗೆ ಐಟಿಐ ಓದಿಸಿ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಟರ್ನರ್ ಮಾಡಿದರು, ಮಗಳನ್ನು ನಿಗಡಿಗೆ ಕೊಟ್ಟು ಮದುವೆ ಮಾಡಿದರು. ಹೀಗಾಗಿ ಮನೆಯಲ್ಲಿ ಅದು ಸಾಮಾನಲ್ಲ, ಹಿರಿಯರು. ಅದರ ಮೇಲೆ ಚಹಾದ ಕಪ್ಪು ಇಡುವಂತಿಲ್ಲ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಕಾಲಿನಿಂದಲೇ ನಡೆಸುವ ಮಷೀನಿಗೆ ಕಾಲು ತಾಗಿದರೆ ಎಷ್ಟು ಸಲ ನಮಸ್ಕಾರ ಮಾಡುವುದು ಎಂದು ಬಂದ ಹೊಸದರಲ್ಲಿ ಕೇಳಿಬಿಟ್ಟಿದ್ದೆ. ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಮತ್ತೆ ಮಾತಾಡಿದ್ದು ದಾರ ಮುಗಿದಿದೆ ಎಂದು ಹೇಳಲು.

ನನ್ನನ್ನು ನೋಡಲು ಬಂದಾಗಲೇ ನನಗೆ ಹೊಳೆಯಬೇಕಿತ್ತು. ಬೇರೆಯವರು ಹಾಡು ಹೇಳಿಸುತ್ತಾರೆ, ನಡೆಸಿ ನೋಡುತ್ತಾರೆ. ಅತ್ತೆ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಸೂಜಿ ತೆಗೆದು, ದಾರ ಪೋಣಿಸು ಎಂದರು. ನಾನು ಒಂದೇ ಸಲಕ್ಕೆ ಪೋಣಿಸಿದೆ. ಹುಡುಗಿ ಪಾಸಾದಳು ಎಂದು ಮನೆಮಂದಿಯೆಲ್ಲ ನಕ್ಕರು, ನಾನೂ ನಕ್ಕೆ. ಮೆಟ್ರಿಕ್ ಮುಗಿಸಿ ನಮ್ಮೂರ ಶಾಲೆಯಲ್ಲಿ ಒಂದು ವರ್ಷ ಸಣ್ಣ ಮಕ್ಕಳಿಗೆ ಕಲಿಸಿದವಳು ನಾನು. ಅದನ್ನು ಯಾರೂ ಕೇಳಲಿಲ್ಲ. ಅಂದು ಕೈ ನಡುಗಿ ದಾರ ತಪ್ಪಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಮಷೀನಿನ ಹಿಂದೆ ಕೂತು ಎಷ್ಟೋ ಸಲ ಯೋಚಿಸಿದ್ದೇನೆ.

ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ನಾನು ಬಂದ ವಾರದಲ್ಲೇ ನನ್ನ ಕೈ ಹಿಡಿದು ಮಷೀನಿನ ಗಾಲಿಯ ಮೇಲೆ ಇಟ್ಟರು. ಅಷ್ಟೇ, ನಾನು ಕೂತೆ. ನಮ್ಮ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತ ಹೆಂಗಸರು ಊರಿನ ಖಣ ತಂದು ಕುಪ್ಪಸ ಹೊಲಿಸುತ್ತಿದ್ದರು. ಮರಾಠಿ ಹೆಂಗಸರು ಬ್ಲೌಸು, ಲಂಗ, ಮಕ್ಕಳ ಅಂಗಿ ತರುತ್ತಿದ್ದರು. ಉಡಿ ತುಂಬಿದಾಗ ಬಂದ ಬ್ಲೌಸ್‌ಪೀಸುಗಳು ವರ್ಷಗಟ್ಟಲೆ ಟ್ರಂಕಿನಲ್ಲಿದ್ದು, ಹಬ್ಬ ನಾಳೆ ಎನ್ನುವಾಗ ಎಲ್ಲರಿಗೂ ಒಟ್ಟಿಗೆ ನೆನಪಾಗುತ್ತಿದ್ದವು. ದಸರೆ ದೀಪಾವಳಿ ಬಂತೆಂದರೆ ತಲೆ ಎತ್ತಲು ಪುರುಸೊತ್ತಿಲ್ಲ. ನನ್ನ ಕೈ ಕೆಟ್ಟದೇನಲ್ಲ. ಕಂಕುಳಲ್ಲಿ ಬಿಗಿಯದ ಕುಪ್ಪಸ ಬೇಕಾದರೆ ನನ್ನ ಹತ್ತಿರವೇ ಬರಬೇಕು ಎಂದು ಆಚೆ ಸಾಲಿನ ತನಕ ಹೆಸರಿತ್ತು. ಕೆಲಸ ಬರುತ್ತದೆ ಎಂದ ಮಾತ್ರಕ್ಕೆ ಅದು ಇಷ್ಟ ಎಂದು ಜನ ತಿಳಿಯುತ್ತಾರಲ್ಲ, ಅದು ನನಗೆ ಅರ್ಥವಾಗುವುದಿಲ್ಲ. ಮಷೀನಿನ ಟಕಟಕ ನನ್ನ ಹಲ್ಲಿನೊಳಗೆ ಹೊಕ್ಕು ಕೂತಿತ್ತು. ಊಟಕ್ಕೆ ಕೂತಾಗಲೂ ಕಾಲು ತಾನಾಗಿ ಆಡುತ್ತಿತ್ತು.

ಪಕ್ಕದ ಮನೆಯ ಸೊಸೆ ಒಂದು ಬಿಸ್ಕತ್ತಿನ ಕಾರ್ಖಾನೆಗೆ ಕೆಲಸಕ್ಕೆ ಹೋಗಲು ಶುರು ಮಾಡಿದಳು. ಬೆಳಿಗ್ಗೆ ಜಡೆ ಹಾಕಿ, ಡಬ್ಬಿ ಹಿಡಿದು, ಚಪ್ಪಲಿ ಮೆಟ್ಟಿ ಹೊರಡುವವಳನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ನನ್ನ ನೋಟ ಅತ್ತೆಯ ಪೊರೆ ಬಂದ ಕಣ್ಣಿಗೂ ಹೇಗೋ ಕಂಡಿತು.

"ಮನ್ಯಾಗ ಮಷೀನ್ ಇದ್ದ ಸೊಸಿ ಹೊರಗ ಯಾಕ ಹೋಗಬೇಕು?" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ನನ್ನ ಪುಣ್ಯವನ್ನು ನನಗೆ ತಿಳಿಸಿಕೊಟ್ಟಂತೆ ಹೇಳಿದರು. ಆ ಮಾತು ನಮ್ಮ ಮನೆಯ ಬಾಗಿಲಿಗೆ ಅಗುಳಿಯಾಗಿ ಉಳಿಯಿತು.

ನನ್ನ ಮಗಳಿಗೆ ಐದು ತುಂಬುತ್ತಿದ್ದ ವರ್ಷದ ಮಾತು. ನಿಗಡಿಯ ಕಡೆ ಮನೆಗಳು ಏಳುತ್ತಿದ್ದವು. ಕಲ್ಲು ಸಿಮೆಂಟು ಹೊರುವವರಲ್ಲಿ ನಮ್ಮ ಕಡೆಯವರೇ ಬಹಳ. ಅವರ ಮಕ್ಕಳು ಮರಳಿನ ಗುಡ್ಡೆಯ ಮೇಲೆ ಬೆಳೆಯುತ್ತಿದ್ದವು. ಕನ್ನಡದವರು ಕೆಲವರು ಸೇರಿ ಒಂದು ತಗಡಿನ ಶೆಡ್ಡಿನಲ್ಲಿ ಆ ಮಕ್ಕಳಿಗೆ ಅಕ್ಷರ ಕಲಿಸುವ ಏರ್ಪಾಡು ಮಾಡಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವರು ಧಾರವಾಡ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ಅವರು ಬ್ಲೌಸು ಹೊಲಿಸಲು ನನ್ನ ಹತ್ತಿರ ಬಂದಿದ್ದರು. ಅಳತೆ ತೆಗೆಯುತ್ತಾ ನಾನು ಮಗಳಿಗೆ ಏನೋ ಪದ್ಯ ಹೇಳಿಕೊಡುತ್ತಿದ್ದೆ. ಅವರು ಕೈ ಎತ್ತಿ ನಿಂತವರು ಹಾಗೆಯೇ ನಿಂತು ಕೇಳಿದರು. ಎಷ್ಟು ಓದಿದ್ದೀ ಎಂದು ಕೇಳಿದರು. ಹೇಳಿದೆ. ಆ ಮನೆಗೆ ಬಂದ ಮೇಲೆ ಆ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ.

ದಸರೆ ಮುಗಿದ ಮೇಲೆ ತಮಗೊಬ್ಬಳು ಬೇಕು, ಬರುತ್ತೀಯಾ ಎಂದರು. ಬೆಳಿಗ್ಗೆ ಹತ್ತರಿಂದ ಎರಡರವರೆಗೆ. ಹಬ್ಬದೊಳಗೆ ಹೇಳದಿದ್ದರೆ ಬೇರೆ ಯಾರನ್ನಾದರೂ ನೋಡಬೇಕಾಗುತ್ತದೆ ಎಂದೂ ಹೇಳಿದರು. ಅತ್ತೆ ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹತ್ತರಿಂದ ಎರಡು ಎಂದರೆ ನಮ್ಮ ಕಿಟಕಿಗೆ ಬೆಳಕು ಬರುವ ಹೊತ್ತು. ಅದು ಮಷೀನಿನ ಹೊತ್ತು. ಆದರೆ ಅಂದಿನಿಂದ ನನಗೆ ಒಂದೇ ಗುಂಗು. ಆ ತಗಡಿನ ಶೆಡ್ಡನ್ನು ನಾನು ನೋಡಿರಲೇ ಇಲ್ಲ. ಆದರೂ ಅದರಲ್ಲಿ ಎಲ್ಲಿ ನಿಂತರೆ ಹಿಂದಿನ ಸಾಲಿನ ಮಗುವಿಗೂ ಕೇಳಿಸುತ್ತದೆ ಎಂಬುದು ನನಗೆ ಗೊತ್ತಿತ್ತು.

ದಸರೆಗೆ ಇನ್ನೂ ಸ್ವಲ್ಪ ದಿನ ಇರುವಾಗ ಮಷೀನು ಕೆಟ್ಟಿತು. ಯಾರದೋ ಖಣದ ಕುಪ್ಪಸದ ತೋಳು ಕೂಡಿಸುತ್ತಿದ್ದೆ. ತಳದಲ್ಲಿ ಟಪ್ಪೆಂದು ಸದ್ದಾಯಿತು. ಗಾಲಿ ತಿರುಗುತ್ತಿದೆ, ಸೂಜಿ ಏರಿಳಿಯುತ್ತಿದೆ, ಹೊಲಿಗೆ ಮಾತ್ರ ಬೀಳುತ್ತಿಲ್ಲ. ಅರಿವೆಯ ಮೇಲೆ ಬರೀ ತೂತು. ನಾನು ಪೆಡಲಿನಿಂದ ಕಾಲು ತೆಗೆದೆ. ಮನೆ ಎಷ್ಟು ಸುಮ್ಮನಾಯಿತೆಂದರೆ ಹೊರಗೆ ನಲ್ಲಿಯಿಂದ ಹನಿ ಬೀಳುವುದು ಕೇಳಿಸಿತು. ಅಂದು ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮದುವೆಯ ದಿನ ಕೂಡ ಅಷ್ಟು ಸಂತೋಷವಾಗಿರಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು ಒಳಗೆ ಹೋಗಿ, ಮಷೀನು ನಿಂತಿದೆ ಎಂದು ಅತ್ತೆಗೆ ಹೇಳಿದೆ.

ಚಿಂಚವಾಡದ ಪೇಟೆಯಿಂದ ರಿಪೇರಿಯವನು ಬಂದ. ಮಷೀನನ್ನು ಹಿಂದಕ್ಕೆ ಮಗುಚಿ, ಹೊಟ್ಟೆಯೊಳಗೆ ಕೈ ಹಾಕಿ, ಬೆರಳುದ್ದದ ಒಂದು ಉಕ್ಕಿನ ದಂಡವನ್ನು ಎರಡು ತುಂಡಾಗಿ ಹೊರಗೆ ತೆಗೆದ. ಬಾಬಿನ್ ಕೂರುವ ಶಟಲ್ಲನ್ನು ತೂಗಿಸುವ ದಂಡವಂತೆ. ಅದು ಮುರಿದ ಮೇಲೆ ಕೆಳಗಿನ ದಾರ ಮೇಲಿನ ದಾರಕ್ಕೆ ಸಿಗುವುದಿಲ್ಲ. ಇಷ್ಟು ಹಳೆಯ ಮಾದರಿಯ ದಂಡ ಎಲ್ಲಿಯೂ ಸಿಗುವುದಿಲ್ಲ, ಇದನ್ನು ತನಗೆ ಕೊಟ್ಟು ಹೊಸದು ತೆಗೆದುಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿದ. ತುಂಡುಗಳನ್ನು ಪೇಪರಿನಲ್ಲಿ ಸುತ್ತಿ ಮಷೀನಿನ ಮೇಲಿಟ್ಟು ಹೋದ. ಅವನ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತು ನನಗೆ.

ಅತ್ತೆ ಒಪ್ಪಲಿಲ್ಲ. ಖಂಡೇನವಮಿಗೆ ಮನೆಯ ಆಯುಧಗಳನ್ನೆಲ್ಲ ತೊಳೆದು ಪೂಜೆ ಮಾಡುವುದು ನಮ್ಮಲ್ಲಿ ರೂಢಿ. ಒಕ್ಕಲುತನದವರಿಗೆ ಕೂರಿಗೆ ಕುಡುಗೋಲು ಹೇಗೋ ಇವರಿಗೆ ಮಷೀನು, ಕತ್ತರಿ, ಅಳತೆ ಟೇಪು. ಮುರಿದ ಆಯುಧಕ್ಕೆ ಪೂಜೆಯಿಲ್ಲ. ಪೂಜೆ ತಪ್ಪಿಸಿದರೆ ಅನ್ನ ಕೊಟ್ಟದ್ದನ್ನು ಮನೆಯಿಂದ ಓಡಿಸಿದಂತೆ. ಹಾಗಾಗಿ ನವಮಿಯೊಳಗೆ ಅದು ನಡೆಯಲೇಬೇಕು, ಅದೇ ನಡೆಯಬೇಕು ಎಂದು ಹಟ ಹಿಡಿದರು. ನಿಗಡಿಯಿಂದ ಬಂದ ನಾದಿನಿ ಹೊಸದರ ಪಕ್ಷ. ಈಗಿನ ಮಷೀನುಗಳಿಗೆ ಮೋಟಾರು ಹಚ್ಚುತ್ತಾರೆ, ತಲೆಯಲ್ಲೇ ಸಣ್ಣ ಬಲ್ಬು ಇರುತ್ತದೆ ಎಂದಳು. ನನ್ನ ಕಡೆ ತಿರುಗಿ, "ಕಿಟಕಿ ಬೆಳಕಿಗೆ ಕಾಯೂದ ಬ್ಯಾಡ ವೈನಿ, ರಾತ್ರಿನೂ ಹೊಲೀಬಹುದು" ಎಂದಳು. ಪಾಪ, ನನಗೆ ಉಪಕಾರ ಮಾಡುವ ಉದ್ದೇಶವೇ ಅವಳದು.

ಹೀಗೆ ಮನೆಯಲ್ಲಿ ಎರಡು ಪಕ್ಷವಾಯಿತು, ರಿಪೇರಿಯದೊಂದು, ಹೊಸದರದೊಂದು. ಚಹಾ ಆದಾಗಲೆಲ್ಲ ಅದೇ ಚರ್ಚೆ. ಅತ್ತೆ ಮುರಿದ ತುಂಡು ಹಿಡಿದುಕೊಂಡು ನಾದಿನಿಯ ಜೊತೆಗೆ ಖಡಕಿಯ ಹಳೆಯ ಅಂಗಡಿಗಳಿಗೂ ಹೋಗಿ ಬಂದರು. ಮಷೀನು ಬೇಕೋ ಬೇಡವೋ ಎಂದು ಒಬ್ಬರೂ ಕೇಳಲಿಲ್ಲ. ಮಷೀನು ನಡೆಸುವ ಕಾಲು ಯಾರದೋ ಅವಳನ್ನಂತೂ ಕೇಳಲೇ ಇಲ್ಲ. ನನ್ನದು ಮೂರನೆಯ ಪಕ್ಷ, ಅದಕ್ಕೆ ಬಾಯಿ ಇರಲಿಲ್ಲ. ನಾನು ಕಾಯ್ದದ್ದು ಒಂದಕ್ಕೇ. ಇವರ ಜಗಳ ಹರಿಯದೆ ಹಬ್ಬ ದಾಟಿಹೋಗಲಿ. ಪೂಜೆ ಒಮ್ಮೆ ತಪ್ಪಿತೆಂದರೆ ಅತ್ತೆಯ ಹಟದ ಕಾಲು ಮುರಿದಂತೆ. ಮಷೀನಿಲ್ಲದ ಮನೆಯ ಸೊಸೆ ಹೊರಗೆ ಹೋಗಬಹುದು. ಅದು ಅವರದೇ ಮಾತು.

ಆ ದಿನಗಳು ನನಗೆ ಹಬ್ಬವೇ. ಹಿಡಿದ ಅರಿವೆಗಳನ್ನೆಲ್ಲ ಹಿಂದಕ್ಕೆ ಕೊಟ್ಟುಬಿಟ್ಟೆ. ಕೆಲಸ ಮುಗಿಸಿ, ಮಷೀನಿಗೆ ಹಳೆಯ ಸೀರೆ ಹೊದಿಸಿ, ಅದರ ಹಿಂದೆಯೇ ಕೂರುತ್ತಿದ್ದೆ. ಬೆಳಕಿದ್ದದ್ದು ಅಲ್ಲಿಯೇ ತಾನೆ. ಅಳತೆಯ ಕಾಗದಗಳ ಹಿಂಬದಿಯಲ್ಲಿ ದಪ್ಪ ದಪ್ಪ ಅಕ್ಷರ ಬರೆದು ನೋಡುತ್ತಿದ್ದೆ, ಮಕ್ಕಳಿಗೆ ಯಾವುದನ್ನು ಮೊದಲು ಕಲಿಸುವುದು ಎಂದು. ಯಾರಾದರೂ ಬಂದರೆ ಕಾಗದ ಮಡಚಿ ತಲೆ ತಗ್ಗಿಸಿ ಸುಮ್ಮನೆ ಕೂರುತ್ತಿದ್ದೆ. ನನ್ನ ಗಂಡ ಮೊದಲ ಪಾಳಿ ಮುಗಿಸಿ ನಾಲ್ಕರ ಸುಮಾರಿಗೆ ಮನೆಗೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುವಾಗ ಅವರ ಕಣ್ಣಿಗೆ ದಿನವೂ ಬೀಳುತ್ತಿದ್ದದ್ದು ನಿಂತ ಮಷೀನಿನ ಮುಂದೆ ತಲೆ ತಗ್ಗಿಸಿ ಕೂತ ಹೆಂಡತಿ. ಅದು ಅವರಿಗೆ ಹೇಗೆ ಕಂಡಿತೆಂದು ಆಗ ನನಗೆ ಹೊಳೆಯಲಿಲ್ಲ.

ಅವರು ಮಾತು ಕಡಿಮೆಯ ಮನುಷ್ಯ. ತಾಯಿ ಕೇಳಿದರೂ ತಂಗಿ ಕೇಳಿದರೂ, ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿ ಎದ್ದುಬಿಡುತ್ತಿದ್ದರು. ನನಗೆ ಅವರಲ್ಲೇ ಆಸೆ. ಒಂದು ರವಿವಾರ ಇಬ್ಬರೂ ಕಾಯಿಪಲ್ಲೆ ತರಲು ಹೊರಟಿದ್ದೆವು. ರೈಲ್ವೆ ಗೇಟು ಹಾಕಿತ್ತು. ಸೈಕಲ್ಲುಗಳ ನಡುವೆ ನಿಂತೆವು. ಈಗ ಬಿಟ್ಟರೆ ಇಲ್ಲ ಎಂದು ಧೈರ್ಯ ಮಾಡಿದೆ.

"ಆ ಮಷೀನ್ ಇಲ್ಲಂದ್ರ ಏನಾಗ್ತದರಿ?" ಎಂದೆ.

ಅವರು ನನ್ನನ್ನು ನೋಡಿದರು. ಮದುವೆಯಾದ ಮೇಲೆ ಅಷ್ಟು ಮೆತ್ತಗೆ ಅವರು ನನ್ನನ್ನು ನೋಡಿದ್ದು ಅದೇ ಮೊದಲಿರಬೇಕು. "ನೀ ಚಿಂತಿ ಮಾಡಬ್ಯಾಡ. ಹಂಗ ಬಿಡೂದಿಲ್ಲ ನಾ" ಎಂದರು. ರೈಲು ಹೋಯಿತು, ಗೇಟು ತೆಗೆದರು, ಹಿಂದಿನವರು ಬೆಲ್ ಬಾರಿಸತೊಡಗಿದರು. ನಾನು ಹೇಳಬೇಕಾದದ್ದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದೆ ಹೋಗಿ ಮೆಂತ್ಯದ ಸೊಪ್ಪಿನ ಮುಂದೆ ನಿಂತಿದ್ದರು. ಮನೆಗೆ ಬಂದು ಹೇಳಿದರಾಯಿತು ಎಂದುಕೊಂಡೆ. ಮನೆಯಲ್ಲಿ ಅತ್ತೆ ಇದ್ದರು. ಎರಡು ಕೋಣೆಯ ಮನೆಯಲ್ಲಿ ಗಂಡನಿಗೆ ಹೇಳಿದ್ದು ಗಂಡನಿಗೆ ಮಾತ್ರ ಎಲ್ಲಿ ಕೇಳಿಸುತ್ತದೆ.

ನವರಾತ್ರಿ ಶುರುವಾಯಿತು. ಮಷೀನು ಸೀರೆ ಹೊದ್ದು ಹಾಗೆಯೇ ಕೂತಿತ್ತು. ಅತ್ತೆ ಸೋತಿದ್ದರು, ಮಾತಾಡುವುದನ್ನೂ ಕಡಿಮೆ ಮಾಡಿದ್ದರು. ನಾನು ಅಕ್ಕೋರ ಮನೆಗೆ ಹೋಗಿ, ಮಕ್ಕಳಿಗೆ ಕಲಿಸಲು ಬರುತ್ತೇನೆಂದು ಅವರಿಗೆ ಹೇಳಿಬಿಟ್ಟೆ. ಅವರು ಒಳಗಿನಿಂದ ಬಳಪದ ಡಬ್ಬಿಯೊಂದನ್ನು ತಂದು, ಇದು ನಿನ್ನ ಹತ್ತಿರವೇ ಇರಲಿ ಎಂದು ಕೊಟ್ಟರು. ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ತಂದು ಹೊಲಿಗೆಯ ಪೆಟ್ಟಿಗೆಯಲ್ಲಿ ದಾರದ ಉಂಡೆಗಳ ಕೆಳಗೆ ಇಟ್ಟೆ. ಆ ಪೆಟ್ಟಿಗೆಯನ್ನು ಈಗ ಯಾರೂ ತೆಗೆಯುವುದಿಲ್ಲ ಎಂದು ನನಗೆ ಅಷ್ಟು ಖಾತ್ರಿಯಾಗಿತ್ತು.

ಇಲ್ಲಿ ನಮ್ಮ ಕಾಲನಿಯ ಒಂದು ರೀತಿಯನ್ನು ಹೇಳಬೇಕು. ಕಾರ್ಖಾನೆಯಲ್ಲಿ ಉಳಿದ ತುಂಡು ಕಬ್ಬಿಣದಲ್ಲಿ, ಮೇಲಿನವರು ಆಚೆ ಹೋದಾಗ, ಮನೆಗೆ ಬೇಕಾದದ್ದನ್ನು ಮಾಡಿಕೊಂಡು ಗೇಟು ದಾಟಿಸುವುದು ಅಲ್ಲಿಯ ಗಂಡಸರಿಗೆ ಕರಗತ. ಯಾವ ಮನೆಗೆ ಹೋದರೂ ಒಂದೇ ಬಗೆಯ ಇಕ್ಕಳ, ಒಂದೇ ಬಗೆಯ ಒಲೆಯ ಸ್ಟ್ಯಾಂಡು, ಸ್ಟೀಲಿನ ಲಟ್ಟಣಿಗೆ. ಅವು ಯಾವ ಅಂಗಡಿಯಲ್ಲೂ ಸಿಗುವಂಥವಲ್ಲ. ನಮ್ಮ ಮನೆಯ ಇಕ್ಕಳ ಮಾತ್ರ ಪೇಟೆಯದು. ನನ್ನ ಗಂಡ ಒಂದು ನಟ್ಟನ್ನೂ ತಂದವರಲ್ಲ. ಗೇಟಿನಲ್ಲಿ ಸಿಕ್ಕಿಬಿದ್ದರೆ ನೌಕರಿ ಹೋಗುತ್ತದೆ ಎಂಬ ಹೆದರಿಕೆ ಒಂದು, ಅವರ ಸ್ವಭಾವವೇ ಹಾಗೆ ಎನ್ನುವುದು ಇನ್ನೊಂದು. ಹೆಂಗಸರು ನನ್ನ ಇಕ್ಕಳ ನೋಡಿ ನಗುತ್ತಿದ್ದರು.

ಅಷ್ಟಮಿಯ ದಿನ ಅವರು ಎಂದಿಗಿಂತ ಬೇಗ ಬೇಗ ನಡೆದು ಬಂದರು. ಚಪ್ಪಲಿ ಬಿಟ್ಟವರು ಕೈಕಾಲು ತೊಳೆಯಲಿಲ್ಲ. ಟಿಫಿನ್ ಡಬ್ಬಿಯ ಮುಚ್ಚಳ ತೆಗೆದು, ಸುರುಳಿ ಸುತ್ತಿದ ಚಪಾತಿಯನ್ನು ಬಿಚ್ಚಿದರು. ಒಳಗೆ ಬೆರಳುದ್ದದ ಉಕ್ಕಿನ ದಂಡ, ಹೊಸದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪೇಪರಿನಲ್ಲಿದ್ದ ಮುರಿದ ತುಂಡುಗಳು ಯಾವಾಗ ಅವರ ಕಿಸೆ ಸೇರಿದ್ದವೋ ನನಗೆ ಗೊತ್ತೇ ಇಲ್ಲ. ಅಳತೆ ತೆಗೆದು, ಒಳ್ಳೆಯ ಉಕ್ಕು ಹುಡುಕಿ, ಲೇತಿನ ಮೇಲೆ ತಾವೇ ತಿರುಗಿಸಿದ್ದರು. ಗೇಟಿನ ಕಾವಲುಗಾರ ಡಬ್ಬಿ ತೆಗೆಸಿ ನೋಡಿದನಂತೆ. ಹೊಟ್ಟೆ ಸರಿಯಿಲ್ಲ, ಊಟ ಮಾಡಲಿಲ್ಲ ಎಂದು ಹೇಳಿ ದಾಟಿಸಿದರಂತೆ.

ನಾನು ಒಲೆಯ ಹತ್ತಿರ ನಿಂತಿದ್ದೆ. ಅವರು ಮಷೀನಿನ ಸೀರೆ ತೆಗೆದು, ಮಗುಚಿ, ದಂಡ ಕೂರಿಸಿ, ಎಣ್ಣೆ ಬಿಟ್ಟು, ಗಾಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು. ಸದ್ದೇ ಇಲ್ಲ. ಅಷ್ಟು ವರ್ಷ ನನ್ನ ಹಲ್ಲಿನಲ್ಲಿ ಕೂತಿದ್ದ ಆ ಟಕಟಕ ಇಲ್ಲವೇ ಇಲ್ಲ, ನುಣ್ಣಗೆ ತಿರುಗಿತು. ಅತ್ತೆ ತಡವರಿಸುತ್ತಾ ಬಂದು ಗಾಲಿಯ ಮೇಲೆ ಕೈಯಿಟ್ಟು ಅತ್ತುಬಿಟ್ಟರು. ಅವರು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನ ಗಂಡ ನನ್ನನ್ನು ಕರೆದು ಕೂರಿಸಿ, ಹೊಲಿದು ನೋಡು ಎಂದರು. ಕಾಲು ಇಟ್ಟೆ. ಹೊಲಿಗೆ ಸಾಸಿವೆ ಸಾಲಿಟ್ಟ ಹಾಗೆ ಬಿತ್ತು.

"ಹೆಂಗ ಅದ?" ಎಂದು ಕೇಳಿದರು.

"ಚೊಲೊ ಅದರಿ."

"ಇನ್ನ ಆ ದಂಡದ ಚಿಂತಿ ಇಲ್ಲ. ನಿನ್ನ ಕಾಲಾನೂ ಮುಗೀತದ, ನಿನ್ನ ಮಗಳ ಕಾಲಾನೂ ಮುಗೀತದ, ಅದು ಸವಿಯೂದಿಲ್ಲ."

ಡಬ್ಬಿ ತೊಳೆಯುವ ನೆವದಲ್ಲಿ ಒಳಗೆ ಹೋದೆ. ಆ ಚಪಾತಿ ಇನ್ನೂ ಅದರಲ್ಲೇ ಇತ್ತು. ಬೆಳಿಗ್ಗೆ ನಾನೇ ಮಾಡಿದ್ದು. ಉದ್ದಕ್ಕೂ ಎಣ್ಣೆಯ ಕಪ್ಪು ಗೆರೆ ಬಿದ್ದಿತ್ತು. ಅದನ್ನು ಮುಚ್ಚಿ ತರುವುದಕ್ಕಾಗಿ ಮನುಷ್ಯ ದಿನವಿಡೀ ಉಪವಾಸ ಇದ್ದಿದ್ದರು. ಜೀವಮಾನದಲ್ಲಿ ಒಂದೇ ಒಂದು ಕಳವು ಮಾಡಿದ್ದರು, ಅದೂ ನನಗಾಗಿ. ಅವರ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅದೇ ಗಳಿಗೆಯಲ್ಲಿ ಹೊರಗೆ ಹೋಗಿ ಅವರ ಬೆನ್ನಿಗೆ ಎರಡು ಗುದ್ದಬೇಕೆಂದೂ ಅನ್ನಿಸಿತು. ಅತ್ತೆಯ ಹಟಕ್ಕೆ ಎದುರು ಹೇಳಬಹುದಿತ್ತು, ನಾದಿನಿಯ ಉಪಕಾರವನ್ನು ತಳ್ಳಿಹಾಕಬಹುದಿತ್ತು. ಇದಕ್ಕೆ ಏನು ಹೇಳುವುದು? ಬಚ್ಚಲಲ್ಲಿ ಕೂತು, ನಲ್ಲಿ ಬಿಟ್ಟು, ಸದ್ದಾಗದ ಹಾಗೆ ಅತ್ತುಬಿಟ್ಟೆ.

ಮರುದಿನ ನವಮಿ. ಮಷೀನು ತೊಳೆಸಿಕೊಂಡು ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಸೇವಂತಿ ಹೂವಿನ ಮಾಲೆ ಹಾಕಿಸಿಕೊಂಡು ಕಿಟಕಿಯಲ್ಲಿ ಕೂತಿತು. ಅಂದು ಅದನ್ನು ನಡೆಸುವಂತಿಲ್ಲ. ಅದರ ಮರುದಿನ ದಸರೆಯ ಬೆಳಿಗ್ಗೆ ಹೊಸ ಅರಿವೆಯ ಮೇಲೆ ಮೊದಲ ಹೊಲಿಗೆ ಹಾಕಿ ಕೆಲಸ ಶುರು ಮಾಡುವುದು ನಮ್ಮ ಮನೆಯ ಪದ್ಧತಿ. ವರ್ಷವೂ ಅದನ್ನು ನಾನು ಹಾಕುತ್ತಿದ್ದೆ. ಆ ವರ್ಷ ಅತ್ತೆ ನನ್ನ ಮಗಳನ್ನು ಕರೆದರು. ತಮ್ಮ ತೊಡೆಯ ಮೇಲೆ ಕೂರಿಸಿಕೊಂಡು, ಮಷೀನಿನ ಮುಂದೆ ಕೂತು, ಸೂಜಿಯ ಕೆಳಗೆ ಹೊಸ ಖಣ ಇಟ್ಟರು. ಮಗುವಿನ ಬೆರಳಿಗೆ ಕುಂಕುಮ ಹಚ್ಚಿದರು.

"ನಿಮ್ಮಜ್ಜಾ ನನ್ನ ಕೈ ಹಿಡದು ಇದರ ಮ್ಯಾಲ ಇಟ್ಟ" ಎಂದು ಅವಳಿಗೆ ಹೇಳಿದರು. "ನಾ ನಿಮ್ಮವ್ವನ ಕೈ ಹಿಡದು ಇಟ್ಟೆ. ಈಗ ನಿಂದು."

ಬೇರೆ ಮನೆಗಳಲ್ಲಿ ಅಂದು ಮಕ್ಕಳಿಗೆ ಅಕ್ಷರ ತೊಡಗಿಸುತ್ತಾರೆ. ಮಗಳು ಖುಷಿಯಿಂದ ನಗುತ್ತಾ ಕೈ ಚಾಚಿದಳು. ಗಾಲಿ ಅವಳ ಕೈಗೆ ಇನ್ನೇನು ತಾಗುವುದರಲ್ಲಿತ್ತು. ನನ್ನ ಸಲುವಾಗಿ ಒಂದು ಮಾತಾಡಲು ಆಗದವಳಿಗೆ ಆಗ ಎಲ್ಲಿಂದ ಬಾಯಿ ಬಂತೋ ಗೊತ್ತಿಲ್ಲ.

"ಬ್ಯಾಡ್ರಿ ಅತ್ತಿ. ಆಕಿ ಕೈ ಬ್ಯಾಡ."

ಜೋರಾಗಿಯೇ ಹೇಳಿದ್ದೆ. ನನ್ನ ಗಂಡ ತಲೆ ಎತ್ತಿ ನೋಡಿದರು. ಅತ್ತೆ ಮಗುವಿನ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನನ್ನ ಕಡೆ ಆ ಮಂಜು ಕವಿದ ಕಣ್ಣು ತಿರುಗಿಸಿದರು.

"ಮತ್ತ ನನ್ನ ಹಿಂದ ಇದನ್ನ ಯಾರು ನಡಸವ್ರು?" ಎಂದರು.

"ನಾ ಇದ್ದೀನಲ್ರಿ" ಎಂದೆ.

ಒಂದನ್ನು ಬಿಡಿಸಿಕೊಳ್ಳಲು ಇನ್ನೊಂದನ್ನು ಒತ್ತೆಯಿಟ್ಟಂತಾಯಿತು. ಅತ್ತೆ ಸೆರಗಿನ ತುದಿಯಿಂದ ಮಗುವಿನ ಬೆರಳಿನ ಕುಂಕುಮ ಒರೆಸಿ ಅವಳನ್ನು ಕೆಳಗೆ ಇಳಿಸಿದರು. ಎದ್ದು ನನಗೆ ಜಾಗ ಬಿಟ್ಟರು. ನಾನು ಕೂತು ಮೊದಲ ಹೊಲಿಗೆ ಹಾಕಿದೆ. ಆಮೇಲೆ ದಾರದ ಉಂಡೆಗಳ ಕೆಳಗಿನಿಂದ ಡಬ್ಬಿ ತೆಗೆದು, ಒಂದು ಬಳಪ ಮಗಳ ಕೈಗೆ ಕೊಟ್ಟು, ಪಾಟಿಯ ಮೇಲೆ ಮೊದಲ ಅಕ್ಷರ ತೀಡಿಸಿದೆ. ಆ ಡಬ್ಬಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಸಂಜೆ ಬನ್ನಿ ಕೊಡಲು ಅಕ್ಕೋರ ಮನೆಗೆ ಹೋದೆ. ಪುಣೆಯಲ್ಲಿ ಬನ್ನಿಯ ಬದಲಿಗೆ ಆಪಟಾ ಎಲೆ ಮಾರುತ್ತಾರೆ, ನಾವು ಅದಕ್ಕೇ ಬನ್ನಿ ಎನ್ನುತ್ತಿದ್ದೆವು. ಎಲೆ ಕೊಟ್ಟು ಕಾಲು ಮುಟ್ಟಿದೆ. ಬಂಗಾರದಂಗ ಇರು ಎಂದು ಅವರು ಹರಸಿದರು. ಉಳಿದ ಬಳಪದ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟೆ. ಅವರಿಗೆ ತಿಳಿಯಿತು.

"ಮಷೀನ್ ರಿಪೇರಿ ಆತೇನು?" ಎಂದು ಕೇಳಿದರು.

"ಹೌದ್ರಿ. ನಮ್ಮ ಮನಿಯವರಽ ಮಾಡಿದ್ರು."

"ಭಾಳ ಚೊಲೊ ಮನಷ್ಯಾ" ಎಂದರು ಅಕ್ಕೋರು. ಅವರು ಚುಚ್ಚಿ ಹೇಳಿದ್ದಲ್ಲ. ನಿಜವನ್ನೇ ಹೇಳಿದರು. ನನಗೆ ಅಲ್ಲಿ ಕೂರಲಾಗಲಿಲ್ಲ.

ಅತ್ತೆ ಎಂಬತ್ತರ ದಶಕದ ನಡುವೆ ತೀರಿಕೊಂಡರು. ಮಷೀನು ಉಳಿಯಿತು. ರಿಪೇರಿಯೋ ಹೊಸದೋ ಎಂಬ ಮಾತು ಎರಡು ಮೂರು ವರ್ಷಕ್ಕೊಮ್ಮೆ ಏಳುತ್ತಲೇ ಇತ್ತು. ಬೆಲ್ಟು ಹೋಯಿತು, ಸ್ಪ್ರಿಂಗು ಹೋಯಿತು, ಮೇಲಿನ ಹಲಗೆ ಗೆದ್ದಲು ಹಿಡಿದು ಬದಲಾಯಿತು. ಅವೆಲ್ಲ ಪೇಟೆಯಲ್ಲಿ ಸಿಗುವಂಥವು, ಪ್ರತಿ ಸಲವೂ ರಿಪೇರಿಯೇ ಗೆಲ್ಲುತ್ತಿತ್ತು. ಆ ದಂಡ ಮಾತ್ರ ಹಾಗೆಯೇ ಇತ್ತು. ತಗಡಿನ ಶೆಡ್ಡು ಇದ್ದ ಜಾಗದಲ್ಲಿ ಅಂಗಡಿ ಸಾಲು ಬಂತು. ನನ್ನ ಮಗಳು ಹೈಸ್ಕೂಲಿಗೆ ಬಂದರೂ ಅವಳಿಗೆ ಒಂದು ಗುಂಡಿ ಹಚ್ಚಲು ಬರುತ್ತಿರಲಿಲ್ಲ. ನಾದಿನಿ ಮೂಗು ಮುರಿದಳು, ಇಷ್ಟು ಚಂದ ಹೊಲಿಯುವ ತಾಯಿಗೆ ಇಂಥ ಮಗಳೇ ಎಂದಳು. ಮಗಳ ಅಂಗಿಯ ಗುಂಡಿ ಕಿತ್ತಾಗಲೆಲ್ಲ ನಾನೇ ಹಚ್ಚಿಕೊಡುತ್ತಿದ್ದೆ, ದೊಡ್ಡ ಹೆಮ್ಮೆಯಿಂದ.

ಒಂದು ರವಿವಾರ ಮಧ್ಯಾಹ್ನ ಮಷೀನಿಗೆ ಎಣ್ಣೆ ಬಿಡುತ್ತಿದ್ದೆ. ನನ್ನ ಗಂಡ ಟಾರ್ಚ್ ಹಿಡಿದಿದ್ದರು. ಬೆಳಕು ಆ ದಂಡದ ಮೇಲೆ ಬಿತ್ತು. ಹತ್ತು ವರ್ಷದ ಮೇಲಾಗಿತ್ತು, ಒಂದು ಗೀರು ಇರಲಿಲ್ಲ. ಅವರು ಮಗುವನ್ನು ನೋಡುವ ಹಾಗೆ ಅದನ್ನು ನೋಡಿ, ಹೆಂಗ ಕುಂತದ ನೋಡು ಎಂದರು. ಏಕೋ ಏನೋ, ಅಂದು ಎಲ್ಲ ಹೇಳಿಬಿಟ್ಟೆ. ಅಕ್ಕೋರು, ಶೆಡ್ಡು, ಬಳಪದ ಡಬ್ಬಿ, ರೈಲ್ವೆ ಗೇಟಿನಲ್ಲಿ ನಾನು ಹೇಳಲು ಹೊರಟದ್ದು ಯಾವುದು, ಅವರು ತಿಳಿದದ್ದು ಯಾವುದು ಎಲ್ಲವನ್ನೂ.

ಅವರು ಟಾರ್ಚ್ ಆರಿಸಲಿಲ್ಲ. ಹೆಬ್ಬೆರಳನ್ನು ಆ ದಂಡದ ಮೇಲೆ ಒಮ್ಮೆ ಎಳೆದು ನೋಡಿದರು.

"ಒಂದ ಮಾತ ಹೇಳಿದ್ದರ ಆಗ್ತಿತ್ತಲ್ಲ" ಎಂದರು. "ದಂಡಾ ಕೂದಲೆಳಿಯಷ್ಟು ದಪ್ಪ ಬಿಡ್ತಿದ್ದೆ. ತಿರಗತಿದ್ದಿಲ್ಲ ಅದು. ಅವ್ವಗ ಗೊತ್ತಽ ಆಗ್ತಿದ್ದಿಲ್ಲ."

ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿ, ಅವರ ಕೈಯಿಂದ ಟಾರ್ಚ್ ತೆಗೆದುಕೊಂಡು, ಮಷೀನನ್ನು ನೆಟ್ಟಗೆ ಕೂರಿಸಿದೆ. ಎದುರು ಸಾಲಿನವರ ಎರಡು ಬ್ಲೌಸುಗಳನ್ನು ಮರುದಿನ ಕೊಡುವುದಿತ್ತು.